ಆಂಡ್ರೊಮಿಡಾದ ಎಕ್ಸ್‌-ರೇ ಚುಕ್ಕೆಗಳು: ಎಣಿಸಿದ್ದಾಯ್ತು, ಗುರುತು ಹಿಡಿಯೋದು ಹೇಗೆ?

ಪಕ್ಕದ ಗೆಲಾಕ್ಸಿ ಆಂಡ್ರೊಮಿಡಾದಲ್ಲಿ ಕಪ್ಪುಕುಳಿ ಸಿಕ್ಕಿತು ಅಂತ ಆಗಾಗ ಸುದ್ದಿ ಬರುತ್ತದೆ. ಆದರೆ ಅಲ್ಲಿ ಕಂಡಿರೋದು ಬರೀ ಒಂದು ಎಕ್ಸ್‌-ರೇ ಚುಕ್ಕೆ.

ಆ ಚುಕ್ಕೆ ಒಂದು ಜೋಡಿ. ಒಂದು ಮಾಮೂಲಿ ನಕ್ಷತ್ರ, ಇನ್ನೊಂದು ಕಪ್ಪುಕುಳಿ ಇಲ್ಲವೇ ನ್ಯೂಟ್ರಾನ್ ತಾರೆ (ಸತ್ತ ದೊಡ್ಡ ನಕ್ಷತ್ರದ ಒತ್ತಾಗಿ ಕುಗ್ಗಿದ ತಿರುಳು). ನಕ್ಷತ್ರದಿಂದ ಎಳೆದುಕೊಂಡ ಅನಿಲ ಸುತ್ತುತ್ತಾ ಬೀಳುವಾಗ ವಿಪರೀತ ಕಾದು ಎಕ್ಸ್‌-ರೇ ಸೂಸುತ್ತದೆ. ಅನಿಲ ಜಾಸ್ತಿ ಬಿದ್ದರೆ ಝಗಮಗ, ಕಮ್ಮಿಯಾದರೆ ಮಂಕು. ನಮಗೂ ಅದಕ್ಕೂ ನಡುವೆ 25 ಲಕ್ಷ ಜ್ಯೋತಿರ್ವರ್ಷ ದೂರ.

1978ರಲ್ಲಿ ಹಾರಿದ ಐನ್‌ಸ್ಟೈನ್ ದೂರದರ್ಶಕ ಆಂಡ್ರೊಮಿಡಾದ ಕಡೆ ನೂರರಷ್ಟು ಚುಕ್ಕೆ ಕಂಡಿತು. 1990ರ ದಶಕದ ರೋಸ್ಯಾಟ್ ಐನೂರು ದಾಟಿಸಿತು. 2011ರ ಹೊತ್ತಿಗೆ ಎಕ್ಸ್‌ಎಂಎಂ-ನ್ಯೂಟನ್ ಪಟ್ಟಿ ಸುಮಾರು 1,900ಕ್ಕೆ ಬಂತು. ಇವೆಲ್ಲ ಆಂಡ್ರೊಮಿಡಾದವೇ? ಅಲ್ಲ. ಕೆಲವು ನಮ್ಮದೇ ಗೆಲಾಕ್ಸಿಯ ನಕ್ಷತ್ರಗಳು, ದಾರಿಗೆ ಅಡ್ಡ ನಿಂತವು. ಎಷ್ಟೋ ಚುಕ್ಕೆಗಳು ಅದರ ಬೆನ್ನ ಹಿಂದೆ ಎಲ್ಲೋ ದೂರದಲ್ಲಿರುವ ಬೇರೆ ಗೆಲಾಕ್ಸಿಗಳ ನಡುಭಾಗ.

ನಿಜವಾದ ಗುರುತು ಹಿಡಿಯುವ ಕೆಲಸಕ್ಕೆ ಬಲ ಬಂದದ್ದು 1999ರಲ್ಲಿ ಹಾರಿದ ಚಂದ್ರಾ ಎಂಬ ಎಕ್ಸ್‌-ರೇ ದೂರದರ್ಶಕದಿಂದ. ಅದರ ದೃಷ್ಟಿ ಎಷ್ಟು ಚೂಪು ಅಂದರೆ, ಗೆಲಾಕ್ಸಿಯ ನಟ್ಟನಡುವೆ ಒಂದೇ ಅಂದುಕೊಂಡಿದ್ದ ಚುಕ್ಕೆ ಐದಾಗಿ ಬಿಡಿಸಿಕೊಂಡಿತು. ಆದರೂ ಚೂಪು ಕಣ್ಣೊಂದೇ ಸಾಲದು. ಮಂಕು ಚುಕ್ಕೆಯಿಂದ ಗಂಟೆಗಟ್ಟಲೆ ಕಾದರೂ ಸಿಗೋದು ಬೆರಳೆಣಿಕೆಯ ಫೋಟಾನ್, ಅಂದರೆ ಬೆಳಕಿನ ಕಣ. ಅಷ್ಟರಲ್ಲಿ ಏನು ಹೇಳೋದು? ಮತ್ತೆ ಮತ್ತೆ ನೋಡಬೇಕು. ಇವತ್ತು ಬೆಳಗಿದ್ದು ಮುಂದಿನ ತಿಂಗಳು ಇದೆಯಾ, ಬೆಳಕಿನ ಬಣ್ಣ ಬದಲಾಯಿತಾ ಅಂತ. 13 ವರ್ಷಗಳಲ್ಲಿ 150ಕ್ಕೂ ಹೆಚ್ಚು ಸಲ ನೋಡಿದ ಮೇಲೆ, 2013ರಲ್ಲಿ 26 ಹೊಸ ಕಪ್ಪುಕುಳಿ ‘ಅಭ್ಯರ್ಥಿ’ಗಳು ಸಿಕ್ಕವು. ಈ ‘ಅಭ್ಯರ್ಥಿ’ ಎಂಬ ಪದ ಸುದ್ದಿಯ ತಲೆಬರಹಕ್ಕೆ ಬರುವಷ್ಟರಲ್ಲಿ ಉದುರಿಹೋಗುತ್ತದೆ, ಅಲ್ವಾ?

ಇಲ್ಲಿನ ತರ್ಕ ಹೀಗಿದೆ. ಹೆಚ್ಚು ಶಕ್ತಿಯ ಎಕ್ಸ್‌-ರೇಗಳೇ ಮೇಲುಗೈಯಾಗಿರುವ ಸ್ಥಿತಿಯಲ್ಲಿ ನ್ಯೂಟ್ರಾನ್ ತಾರೆ ಒಂದು ಮಟ್ಟಕ್ಕಿಂತ ಜೋರಾಗಿ ಬೆಳಗದು. ಆ ಮಟ್ಟ ಮೀರಿದರೆ ಕಪ್ಪುಕುಳಿ ಅಂತ ಅನುಮಾನ. ಅನುಮಾನವೇ ಹೊರತು ಸಾಕ್ಷಿಯಲ್ಲ. ನ್ಯೂಟ್ರಾನ್ ತಾರೆ ಅನ್ನೋದಕ್ಕಾದರೆ ಗಟ್ಟಿ ಸಾಕ್ಷಿ ಇದೆ: ಮಿಡಿತ. ಕಪ್ಪುಕುಳಿಗೆ ಗಟ್ಟಿ ಮೈ ಇಲ್ಲ, ಹಾಗಾಗಿ ಅದು ಗಡಿಯಾರದಂತೆ ಮಿಡಿಯಲಾರದು.

2016ರಲ್ಲಿ ಅಂಥದ್ದೇ ಒಂದು ಸಿಕ್ಕಿತು. 1.2 ಸೆಕೆಂಡಿಗೊಮ್ಮೆ ಮಿಡಿಯುವ, 1.27 ದಿನಕ್ಕೆ ಜೊತೆಗಾರನನ್ನು ಸುತ್ತುವ ನ್ಯೂಟ್ರಾನ್ ತಾರೆ. ಅದಕ್ಕಾಗಿ ಹೊಸ ದೂರದರ್ಶಕವೇನೂ ಹಾರಿರಲಿಲ್ಲ. ಎಕ್ಸ್‌ಎಂಎಂ-ನ್ಯೂಟನ್ ವರ್ಷಗಳ ಹಿಂದೆಯೇ ಕಳಿಸಿದ್ದ ದತ್ತಾಂಶದಲ್ಲೇ ಆ ಮಿಡಿತ ಸುಮ್ನೆ ಕೂತಿತ್ತು.