ಮನೆ ಡೇಕೇರ್‌ನ ಸನ್‌ಸ್ಕ್ರೀನ್ ಖರ್ಚು ಯಾರ ಪಾಲಿಗೆ?

ಪ್ರಶ್ನೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪಡೆದು ಮನೆಯಲ್ಲೇ ಆರು ಮಕ್ಕಳ ಡೇಕೇರ್ ನಡೆಸುತ್ತಿದ್ದೇನೆ. ಎಲ್ಲರೂ ಎರಡರಿಂದ ನಾಲ್ಕು ವರ್ಷದವರು. ಬೇಸಿಗೆ ಬಂತೆಂದರೆ ಸನ್‌ಸ್ಕ್ರೀನ್‌ನದೇ ಚಿಂತೆ. ಕೆಲವು ತಂದೆತಾಯಂದಿರು ಕಳಿಸುತ್ತಾರೆ, ಕೆಲವರು ಮರೆಯುತ್ತಾರೆ, ಇನ್ನು ಕೆಲವರು 3 ಔನ್ಸ್ ಟ್ಯೂಬ್ ಎರಡು ವಾರಕ್ಕೇ ಮುಗಿಯಿತೇ ಎಂದು ಕೇಳುತ್ತಾರೆ. ಕೊನೆಗೆ ನನ್ನ ಕೈಯಿಂದಲೇ ಹಣ ಹಾಕಿ ತರುತ್ತಿದ್ದೇನೆ. ಇದನ್ನು ನಾನೇ ಒದಗಿಸಬೇಕೇ, ಅವರೇ ತರಬೇಕೇ?

ಉತ್ತರ: ಅಮೆರಿಕದಲ್ಲಿ ಮನೆ ಡೇಕೇರ್ ನಡೆಸುವ ಕನ್ನಡಿಗ ಮಹಿಳೆಯರು ಪ್ರತಿ ಮೇ ತಿಂಗಳಲ್ಲೂ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳುವ ಪ್ರಶ್ನೆ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ನಿಮ್ಮ ಲೈಸೆನ್ಸಿಂಗ್ ನಿಯಮ ಅಡ್ಡ ಬಾರದಿದ್ದರೆ, ಸನ್‌ಸ್ಕ್ರೀನನ್ನು ನೀವೇ ಕೊಳ್ಳಿ, ಅದರ ವೆಚ್ಚವನ್ನು ಬೇಸಿಗೆಯ ಆರಂಭದಲ್ಲೇ ಒಪ್ಪಂದದಲ್ಲಿ ಬರೆದು ತಂದೆತಾಯಂದಿರಿಂದ ಪಡೆಯಿರಿ. ಅಲರ್ಜಿ, ಎಕ್ಸಿಮಾ ಇತ್ಯಾದಿ ತೊಂದರೆಯಿರುವ ಮಗು ಮಾತ್ರ ತನ್ನದೇ ಬಾಟಲಿ ತರಲಿ. ಇದಕ್ಕೆ ಕಾರಣ ಲೆಕ್ಕದಲ್ಲಿದೆ, ಆದ್ದರಿಂದ ಲೆಕ್ಕವನ್ನೇ ಮೊದಲು ನೋಡೋಣ.

ಬಾಟಲಿಯ ಮೇಲೆ ಅಚ್ಚಾಗಿರುವ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಕ್ರೀಮ್ ಹಚ್ಚುತ್ತಾರೆ. ಅದಕ್ಕಿಂತ ತೆಳುವಾಗಿ ಹಚ್ಚಿದರೆ ಆ ಸಂಖ್ಯೆ ಸೂಚಿಸುವ ರಕ್ಷಣೆ ಮಗುವಿಗೆ ಸಿಗುವುದಿಲ್ಲ. ಮೂರು ವರ್ಷದ, ಸುಮಾರು 14 ಕಿಲೋ ತೂಕದ ಮಗುವಿನ ಮೈಚರ್ಮದ ವಿಸ್ತೀರ್ಣ ಹೆಚ್ಚುಕಡಿಮೆ 6000 ಚದರ ಸೆಂಟಿಮೀಟರು. ಚಡ್ಡಿ, ಅರ್ಧ ತೋಳಿನ ಅಂಗಿ ತೊಟ್ಟಾಗ ಮುಖ, ಕತ್ತು, ಕೈಕಾಲು ಸೇರಿ ಅದರಲ್ಲಿ ಸುಮಾರು ಶೇಕಡಾ 40 ಭಾಗ, ಅಂದರೆ 2400 ಚದರ ಸೆಂಟಿಮೀಟರು, ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. ಇಷ್ಟಕ್ಕೆ ಒಂದು ಸಲಕ್ಕೆ ಬೇಕಾದದ್ದು 5 ಗ್ರಾಂನಷ್ಟು, ಸುಮಾರು ಒಂದು ಟೀ ಚಮಚ. ಬೆಳಿಗ್ಗೆ ಒಮ್ಮೆ, ಎರಡು ಗಂಟೆಯ ನಂತರ ಅಥವಾ ಸಂಜೆಯ ಆಟಕ್ಕೆ ಮುನ್ನ ಇನ್ನೊಮ್ಮೆ ಹಚ್ಚಿದರೆ ದಿನಕ್ಕೆ 10 ಗ್ರಾಂ ಆಯಿತು. 3 ಔನ್ಸ್ ಟ್ಯೂಬಿನಲ್ಲಿ ಇರುವುದೇ 85 ಗ್ರಾಂ. ಎರಡು ವಾರ ತುಂಬುವ ಮೊದಲೇ ಅದು ಮುಗಿಯುವುದು ಸಹಜ. ನಿಮ್ಮನ್ನು ಪ್ರಶ್ನಿಸುವ ತಂದೆತಾಯಂದಿರಿಗೆ ಈ ಲೆಕ್ಕವನ್ನು ಸಮಾಧಾನದಿಂದ ತೋರಿಸಿ. ಅದೇ ಟ್ಯೂಬು ಜೂನ್‌ನಿಂದ ಆಗಸ್ಟ್‌ವರೆಗೆ ಬಾಳಿಕೆ ಬಂದಿದ್ದರೆ ಆಗ ಅವರು ಚಿಂತಿಸಬೇಕಿತ್ತು.

ಆರು ಮಕ್ಕಳಿಗೆ ದಿನಕ್ಕೆ 60 ಗ್ರಾಂ ಎಂದರೆ 227 ಗ್ರಾಂನ ಒಂದು 8 ಔನ್ಸ್ ಬಾಟಲಿ ನಾಲ್ಕು ದಿನವೂ ಬರುವುದಿಲ್ಲ. ಹನ್ನೆರಡು ವಾರದ ಬೇಸಿಗೆಗೆ, ವಾರಕ್ಕೆ ಐದು ದಿನದಂತೆ, 16 ಬಾಟಲಿಗಳು ಬೇಕು. ಲೆಕ್ಕದ ಅನುಕೂಲಕ್ಕೆ ಬಾಟಲಿಗೆ 10 ಡಾಲರ್ ಎಂದಿಟ್ಟುಕೊಂಡರೆ 160 ಡಾಲರ್, ಮಗುವಿಗೆ 27 ಡಾಲರ್‌ನ ಆಸುಪಾಸು. ನಿಮ್ಮೂರಿನ ಬೆಲೆ ಬೇರೆಯಾಗಿದ್ದರೆ ಆ ಅಂಕಿಯನ್ನು ಹಾಕಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಮನೆ ಡೇಕೇರ್‌ಗೆ ಷರತ್ತುಗಳೊಡನೆ 14 ಮಕ್ಕಳವರೆಗೆ ಅವಕಾಶವಿದೆ. ಅಂಥ ಕಡೆ ಇದು ಗಣನೀಯ ಮೊತ್ತವೇ ಸರಿ.

ಈಗ ಇದೇ ಮಕ್ಕಳಿಗೆ ತೆಳುವಾದ ತುಂಬುತೋಳಿನ ಅಂಗಿ, ಪಾದದವರೆಗಿನ ಪ್ಯಾಂಟು, ಕತ್ತನ್ನೂ ಮುಚ್ಚುವ ಅಗಲ ಅಂಚಿನ ಟೋಪಿ ಹಾಕಿಸಿ. ಬಿಸಿಲಿಗೆ ಬೀಳುವುದು ಮುಖ, ಕತ್ತಿನ ಸ್ವಲ್ಪ ಭಾಗ ಮತ್ತು ಅಂಗೈ ಹಿಂಬದಿ, ಒಟ್ಟು ಹೆಚ್ಚೆಂದರೆ ಶೇಕಡಾ 15 ಭಾಗ. ಒಂದು ಸಲಕ್ಕೆ 2 ಗ್ರಾಂ ಕೂಡ ಬೇಕಾಗುವುದಿಲ್ಲ, ಇಡೀ ಬೇಸಿಗೆಗೆ ಆರು ಬಾಟಲಿ ಸಾಕು. ಮನೆಯಿಂದ ಹೊರಡುವಾಗಲೇ ಮೊದಲ ಸಲದ್ದನ್ನು ಹಚ್ಚಿ ಕಳಿಸಬೇಕೆಂದು ತಂದೆತಾಯಂದಿರನ್ನು ಕೇಳಿಕೊಂಡರೆ ಮೂರೇ ಬಾಟಲಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಎಷ್ಟು ಚೌಕಾಸಿ ಮಾಡಿದರೂ, ಎಷ್ಟು ಕೂಪನ್ ಕತ್ತರಿಸಿದರೂ 16ನ್ನು 6ಕ್ಕೆ ಇಳಿಸಲಾಗದು. ಬಟ್ಟೆ ಮತ್ತು ನೆರಳು ಅದನ್ನು ಮಾಡುತ್ತವೆ. ಆದ್ದರಿಂದ ಸನ್‌ಸ್ಕ್ರೀನ್‌ಗೆಂದು ಎತ್ತಿಟ್ಟ ಹಣದ ಒಂದು ಪಾಲನ್ನು ಹಿತ್ತಲಿಗೆ ನೆರಳುಬಟ್ಟೆ ಕಟ್ಟಿಸುವುದಕ್ಕೂ ಡೇಕೇರ್‌ನಲ್ಲೇ ಉಳಿಯುವ ಆರು ಟೋಪಿಗಳಿಗೂ ಬಳಸಿ ಎಂದು ನಾನು ಒತ್ತಿ ಹೇಳುತ್ತೇನೆ. ಟೋಪಿ ಮನೆಗೆ ಹೋದರೆ ಮರುದಿನ ಮರಳಿ ಬರುವುದು ಅಪರೂಪವೆಂಬುದು ಮಕ್ಕಳನ್ನು ನೋಡಿಕೊಂಡವರಿಗೆಲ್ಲ ಗೊತ್ತಿರುವ ವಿಷಯ.

ಹೊತ್ತಿನ ವಿಚಾರವೂ ಇದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ಬೆಳಿಗ್ಗೆ ಹತ್ತರೊಳಗೆ ಮತ್ತು ಸಂಜೆ ನಾಲ್ಕರ ನಂತರ ಹೊರಗೆ ಆಡಿಸಿ, ನಡುವಿನ ಹೊತ್ತನ್ನು ಊಟ, ನಿದ್ದೆ, ಒಳಾಂಗಣದ ಆಟಗಳಿಗೆ ಇಟ್ಟುಕೊಂಡರೆ ಖರ್ಚೂ ಇಳಿಯುತ್ತದೆ, ಮಕ್ಕಳೂ ಬಳಲುವುದಿಲ್ಲ. ನೆರಳು ಮಗುವಿನ ಎತ್ತರಕ್ಕಿಂತ ಗಿಡ್ಡವಾಗಿ ಬಿದ್ದಿದೆಯೆಂದರೆ ಕಿರಣಗಳು ತೀವ್ರವಾಗಿವೆ ಎಂದರ್ಥ. ಇದನ್ನು ನಾಲ್ಕು ವರ್ಷದ ಮಕ್ಕಳೇ ಖುಷಿಯಿಂದ ಅಳೆದು ಹೇಳುತ್ತಾರೆ.

ಇನ್ನು ಅನುಮತಿಯ ಮಾತು. ಅಮೆರಿಕದಲ್ಲಿ ಸನ್‌ಸ್ಕ್ರೀನ್ ಬರಿಯ ಸೌಂದರ್ಯವರ್ಧಕವಲ್ಲ. ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ವೈದ್ಯರ ಚೀಟಿಯಿಲ್ಲದೆ ಮಾರಬಹುದಾದ ಔಷಧಿಯೆಂದು ಪರಿಗಣಿಸುತ್ತದೆ. ಹಾಗಾಗಿಯೇ ಹಲವು ರಾಜ್ಯಗಳ ಡೇಕೇರ್ ನಿಯಮಗಳು ಇದನ್ನು ಹಚ್ಚುವ ಮುನ್ನ ತಂದೆತಾಯಂದಿರ ಲಿಖಿತ ಒಪ್ಪಿಗೆ ಕೇಳುತ್ತವೆ, ಕೆಲವೆಡೆ ಪ್ರತಿ ಮಗುವಿಗೂ ಹೆಸರು ಬರೆದ ಪ್ರತ್ಯೇಕ ಬಾಟಲಿಯನ್ನೂ ಕೇಳುತ್ತವೆ. ಒಂದೇ ಬಾಟಲಿಯನ್ನು ಎಲ್ಲರಿಗೂ ಬಳಸಬಹುದೇ ಎಂಬುದನ್ನು ನಿಮ್ಮ ಲೈಸೆನ್ಸಿಂಗ್ ಅಧಿಕಾರಿಯಿಂದ ಬರಹದಲ್ಲಿ ತಿಳಿದುಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಿ. ಒಪ್ಪಿಗೆ ಪತ್ರದಲ್ಲಿ ಉತ್ಪನ್ನದ ಹೆಸರು, ಎಸ್‌ಪಿಎಫ್, ಹಚ್ಚಬಹುದಾದ ಭಾಗಗಳು, ಮಗುವಿಗಿರುವ ಅಲರ್ಜಿ, ಕ್ರೀಮ್ ಒದಗಿಸುವವರು ಯಾರು, ಖರ್ಚು ಎಷ್ಟು, ಇವೆಲ್ಲ ಇರಲಿ. ಪ್ರತಿ ವರ್ಷ ಹೊಸ ಸಹಿ ಪಡೆಯಿರಿ. ಉತ್ಪನ್ನ ಬದಲಾದರೆ ವರ್ಷದ ನಡುವೆಯೂ ಮತ್ತೆ ಕೇಳಬೇಕು, ಏಕೆಂದರೆ ಕೆಲವು ಕ್ರೀಮ್‌ಗಳಲ್ಲಿ ಬಾದಾಮಿ ಅಥವಾ ಬೇರೆ ಬೀಜಗಳ ಎಣ್ಣೆ, ಸುಗಂಧದ್ರವ್ಯ ಇರುತ್ತವೆ. ಮೊದಲ ಬಾರಿಗೆ ಹಚ್ಚುವುದನ್ನು ತಂದೆತಾಯಂದಿರೇ ಮನೆಯಲ್ಲಿ ಮಣಿಕಟ್ಟಿನ ಮೇಲೆ ಸ್ವಲ್ಪ ಪರೀಕ್ಷಿಸಿ ನೋಡಲಿ.

ತಂದೆತಾಯಂದಿರು ತರುವ ಪದ್ಧತಿಯಲ್ಲಿ ತಪ್ಪೇನೂ ಇಲ್ಲ, ಒಂದು ಅನುಕೂಲವೂ ಇದೆ: ಎಸ್‌ಪಿಎಫ್ 15 ಅಥವಾ ಹೆಚ್ಚಿನ, ಬ್ರಾಡ್ ಸ್ಪೆಕ್ಟ್ರಮ್ (ಯುವಿಎ, ಯುವಿಬಿ ಎರಡೂ ಬಗೆಯ ಕಿರಣಗಳನ್ನು ತಡೆಯುವ) ಸನ್‌ಸ್ಕ್ರೀನನ್ನು ಅವರು ಆರೋಗ್ಯದ ಖರ್ಚಿಗೆಂದು ಹಣ ಎತ್ತಿಡುವ ತಮ್ಮ ಎಫ್‌ಎಸ್‌ಎ ಅಥವಾ ಎಚ್‌ಎಸ್‌ಎ ಖಾತೆಯ ತೆರಿಗೆರಹಿತ ಹಣದಿಂದ ಕೊಳ್ಳಬಹುದು. ಹಾಗಿದ್ದೂ ನಾನು ಈ ಪದ್ಧತಿಯನ್ನು ಮೊದಲ ಆಯ್ಕೆಯಾಗಿ ಸೂಚಿಸದಿರುವುದಕ್ಕೆ ಕಾರಣವಿದೆ. ಬೇರೆಯವರು ಕಳಿಸಿದ ಬಾಟಲಿ ಬೇಗ ಮುಗಿದೀತೆಂಬ ಸಂಕೋಚದಲ್ಲಿ ಹಚ್ಚುವವರ ಕೈ ತಾನಾಗಿಯೇ ಬಿಗಿಯಾಗುತ್ತದೆ, ಚಮಚದಷ್ಟು ಹಾಕುವಲ್ಲಿ ಬಟಾಣಿ ಕಾಳಿನಷ್ಟು ಹಾಕಿ ತೀಡುತ್ತೇವೆ. ಉಳಿಯುವುದು ಎರಡು ಡಾಲರ್, ಸುಡುವುದು ಮಗುವಿನ ಚರ್ಮ. ಬಾಟಲಿ ಮರೆತುಬಂದ ಮಗುವನ್ನು ಒಳಗೆ ಕೂರಿಸಿ ಉಳಿದವರನ್ನು ಹೊರಗೆ ಬಿಡುವುದು ಇನ್ನೂ ಕಷ್ಟದ ಕೆಲಸ. ಆ ಮಗು ಮಾಡಿದ ತಪ್ಪಾದರೂ ಏನು? ನಿಯಮದ ಪ್ರಕಾರ ಪ್ರತ್ಯೇಕ ಬಾಟಲಿಗಳೇ ಬೇಕೆಂದಾದರೆ, ತಿಂಗಳಿಗೊಂದು 8 ಔನ್ಸ್ ಬಾಟಲಿ ಎಂದು ಪ್ರಮಾಣವನ್ನೇ ಬರೆದು ಕೇಳಿ, ಮೇಲಿನ ಲೆಕ್ಕದಂತೆ ಒಂದು ಮಗುವಿಗೆ ಅದು ಒಂದು ತಿಂಗಳ ಕೆಲಸದ ದಿನಗಳಿಗೆ ಸರಿಹೋಗುತ್ತದೆ. ಮುಗಿಯುವ ಒಂದು ವಾರ ಮೊದಲು ಚೀಟಿ ಕಳಿಸಿ, ಮರೆತವರಿಗೆಂದು ಒಪ್ಪಿಗೆ ಪಡೆದ ಒಂದು ಬಾಟಲಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ನೀವೇ ಕೊಳ್ಳುವುದಾದರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು ತಿಳಿದಿರಬೇಕು. ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ಶೇಕಡಾ 93ರಷ್ಟನ್ನು ತಡೆದರೆ, 30 ಶೇಕಡಾ 97ರಷ್ಟನ್ನು, 50 ಶೇಕಡಾ 98ರಷ್ಟನ್ನು ತಡೆಯುತ್ತದೆ. ಹಾಗಾಗಿ 30ಕ್ಕೂ 100ಕ್ಕೂ ನಡುವಿನ ಬೆಲೆಯ ಅಂತರಕ್ಕೆ ತಕ್ಕ ಲಾಭ ಸಿಗದು. 30 ಅಥವಾ 50ರದನ್ನು ಧಾರಾಳವಾಗಿ ಹಚ್ಚುವುದೇ ಮೇಲು. ಬ್ರಾಡ್ ಸ್ಪೆಕ್ಟ್ರಮ್ ಎಂಬ ಮಾತು ಮಾತ್ರ ಕಡ್ಡಾಯವಾಗಿ ಇರಬೇಕು. ನೀರಾಟದ ದಿನಗಳಿಗೆ ‘ವಾಟರ್ ರೆಸಿಸ್ಟೆಂಟ್’ ಎಂಬುದರ ಪಕ್ಕದಲ್ಲಿ 40 ಅಥವಾ 80 ನಿಮಿಷ ಎಂದಿರುವುದನ್ನು ನೋಡಿ. ಅಂಗಡಿಯ ಸ್ವಂತ ಬ್ರಾಂಡ್ ಆದರೂ ಅದೇ ಎಫ್‌ಡಿಎ ನಿಯಮಗಳಿಗೆ ಒಳಪಟ್ಟಿರುತ್ತದೆ. ‘ಬೇಬಿ’ ಎಂಬ ಒಂದು ಪದಕ್ಕಾಗಿ ಹೆಚ್ಚು ತೆರುವ ಮೊದಲು ಹಿಂಬದಿಯ ಪಟ್ಟಿ ಓದಿ. ನಾನು ಸ್ವಲ್ಪ ಹೆಚ್ಚು ಕೊಡಲು ಒಪ್ಪುವುದು ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ ಕ್ರೀಮಿಗೆ. 2019ರಲ್ಲಿ ಎಫ್‌ಡಿಎ ಸುರಕ್ಷಿತವೆಂದು ಪರಿಗಣಿಸಲು ಪ್ರಸ್ತಾವಿಸಿದ್ದು ಈ ಎರಡನ್ನೇ. ಆಕ್ಸಿಬೆನ್‌ಜೋನ್ ಸೇರಿದಂತೆ ಹನ್ನೆರಡು ರಾಸಾಯನಿಕಗಳ ಬಗ್ಗೆ ಹೆಚ್ಚಿನ ಮಾಹಿತಿ ಬೇಕೆಂದು ಅದು ಕೇಳಿತು. ಖನಿಜದ ಕ್ರೀಮ್ ಬಿಳಿಯಾಗಿ ಕಾಣುತ್ತದೆಂದು ದೂರುವವರಿದ್ದಾರೆ, ಆದರೆ ಹಚ್ಚದೆ ಬಿಟ್ಟ ಜಾಗ ಯಾವುದೆಂದು ತಿಳಿಯಲು ಆ ಬಿಳಿಯೇ ನಮಗೆ ಸಹಾಯ ಮಾಡುತ್ತದೆ. ಸ್ಪ್ರೇ ಬೇಡ: ಅರ್ಧ ಗಾಳಿಗೆ ಹೋಗುತ್ತದೆ, ಮಕ್ಕಳು ಅದನ್ನು ಉಸಿರಾಡುತ್ತಾರೆ. ಸೊಳ್ಳೆ ನಿವಾರಕವೂ ಸೇರಿರುವ ಕ್ರೀಮ್ ಕೂಡ ಬೇಡ, ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಹಚ್ಚಬಹುದು, ನಿವಾರಕವನ್ನು ಹಾಗೆ ಹಚ್ಚಬಾರದು.

ಆರು ಮಕ್ಕಳಿಗೆ ಹಚ್ಚಲು ಇಪ್ಪತ್ತು ನಿಮಿಷವಾದರೂ ಬೇಕು, ಅದೂ ಒಂದು ಖರ್ಚೇ. ಹೊರಗೆ ಹೋಗುವ ಹದಿನೈದು ನಿಮಿಷ ಮೊದಲೇ ಹಚ್ಚಿ ಮುಗಿಸಬೇಕಾದ್ದರಿಂದ ದಿನಚರಿಯಲ್ಲೇ ಅದಕ್ಕೊಂದು ಹೊತ್ತು ಇಡಿ. ಪಂಪ್ ಬಾಟಲಿಯಿಂದ ನಿಮ್ಮ ಅಂಗೈಗೆ ತೆಗೆದುಕೊಂಡು ಹಚ್ಚಿ, ಬಾಟಲಿಯ ಬಾಯಿ ಯಾವ ಮಗುವಿಗೂ ತಾಗದಿರಲಿ, ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಕೈ ತೊಳೆಯಿರಿ ಅಥವಾ ಗ್ಲೌಸ್ ಬದಲಿಸಿ. ಬೆರಳು ಚೀಪುವ ಮಕ್ಕಳಿಗೆ ಕೈಯ ಹಿಂಬದಿಗೆ ಮಾತ್ರ ಸಾಕು. ಮುಂದೆ ಹಸುಗೂಸುಗಳನ್ನು ಸೇರಿಸಿಕೊಂಡರೆ, ಆರು ತಿಂಗಳ ಒಳಗಿನವರನ್ನು ನೇರ ಬಿಸಿಲಿಗೆ ತರದೆ ಮುಖ್ಯವಾಗಿ ನೆರಳು ಮತ್ತು ಬಟ್ಟೆಯಿಂದ ಕಾಪಾಡಬೇಕೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ನಮ್ಮವರ ಮಕ್ಕಳೇ ಹೆಚ್ಚಿರುವ ಡೇಕೇರ್‌ನಲ್ಲಿ ಇನ್ನೆರಡು ಮಾತು ಕೇಳಿಬರುತ್ತವೆ. ನಮ್ಮದು ಕಂದು ಬಣ್ಣ, ನಮಗೇಕೆ ಇದು ಎಂಬುದು ಒಂದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸ್ವಲ್ಪ ರಕ್ಷಣೆ ಕೊಡುತ್ತದೆಂಬುದು ನಿಜ, ಆದರೆ ಅದು ಪೂರ್ಣ ರಕ್ಷಣೆಯಲ್ಲ, ಕಂದು ಚರ್ಮವೂ ಸುಡುತ್ತದೆ. ಮಗು ಕಪ್ಪಾಗದಿರಲೆಂದು ಹಚ್ಚಿ ಎನ್ನುವುದು ಇನ್ನೊಂದು, ಅದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಮಗುವಿನ ಮುಂದೆ ಆ ಮಾತು ಆಡದಿರುವಂತೆ ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಿ. ನಾವು ಕಾಪಾಡುತ್ತಿರುವುದು ಚರ್ಮವನ್ನು, ಬಣ್ಣವನ್ನಲ್ಲ. ಊರಿನಿಂದ ಬಂದ ಅಜ್ಜಿಯರು ಮೈಗೆ ತೆಂಗಿನೆಣ್ಣೆ ಹಚ್ಚಿ ಕಳಿಸಿದಾಗ ಅದನ್ನೇ ಸನ್‌ಸ್ಕ್ರೀನ್ ಎಂದು ಲೆಕ್ಕ ಹಿಡಿಯುವಂತಿಲ್ಲ. ಎಣ್ಣೆಯ ಜಿಡ್ಡನ್ನು ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಕ್ರೀಮ್ ಹಚ್ಚಿ.

ತೆರಿಗೆಯ ವಿಷಯ ಸರಳವಾದದ್ದು. ತಂದೆತಾಯಂದಿರು ಕೊಡುವ ಬೇಸಿಗೆ ಶುಲ್ಕ ನಿಮ್ಮ ಆದಾಯಕ್ಕೆ ಸೇರುತ್ತದೆ, ಡೇಕೇರ್ ಮಕ್ಕಳಿಗಾಗಿ ಕೊಂಡ ಸನ್‌ಸ್ಕ್ರೀನ್, ಟೋಪಿ, ಗ್ಲೌಸ್‌ಗಳ ವೆಚ್ಚ ಸ್ವಂತ ಉದ್ಯೋಗದ ಆದಾಯ-ವೆಚ್ಚ ತೋರಿಸುವ ಷೆಡ್ಯೂಲ್ ಸಿ ತೆರಿಗೆ ನಮೂನೆಯಲ್ಲಿ ಸಾಮಗ್ರಿಗಳ ಸಾಲಿಗೆ ಸೇರುತ್ತದೆ. ಅದೇ ಬಾಟಲಿಯನ್ನು ಮನೆಯವರೂ ಬಳಸಿದರೆ ಡೇಕೇರ್‌ನ ಪಾಲನ್ನು ಮಾತ್ರ ಕಳೆಯಬಹುದು. ಅದರ ಬದಲು ಮನೆಗೆ ಬೇರೆ ಬಾಟಲಿ ಇಟ್ಟು, ದಿನಸಿಯೊಡನೆ ಬೆರೆಸದೆ ಪ್ರತ್ಯೇಕ ರಸೀದಿ ಪಡೆಯುವುದು ಸುಲಭ. ಡೇಕೇರ್ ಊಟಕ್ಕೆ ಸಿಗುವ ಫೆಡರಲ್ ಆಹಾರ ಯೋಜನೆಯ ಹಣ ಇದಕ್ಕೆ ಅನ್ವಯಿಸುವುದಿಲ್ಲ.

ಬಾಟಲಿಗಳನ್ನು ಕಾರಿನಲ್ಲಾಗಲಿ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬೇಡಿ, ಶಾಖಕ್ಕೆ ಕ್ರೀಮ್ ಕೆಡುತ್ತದೆ. ಮಕ್ಕಳ ಕೈಗೆ ಸಿಗದ ಬೀಗದ ಕಪಾಟಿನಲ್ಲಿಟ್ಟು, ತೆರೆದ ದಿನಾಂಕವನ್ನು ಬಾಟಲಿಯ ತಳದಲ್ಲಿ ಬರೆಯಿರಿ. ಸೆಪ್ಟೆಂಬರ್ ಕೊನೆಯಲ್ಲಿ ಉಳಿದದ್ದನ್ನು ಅವಧಿ ನೋಡಿ ಎತ್ತಿಡಿ, ಮಕ್ಕಳ ಹೆಸರಿನವುಗಳನ್ನು ಅವರವರ ಮನೆಗೆ ಹಿಂತಿರುಗಿಸಿ, ಒಟ್ಟು ಎಷ್ಟು ಬಾಟಲಿ ಮುಗಿಯಿತೆಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಮಗುವಿಗೆ ಎಷ್ಟು ಡಾಲರ್ ಕೇಳಬೇಕೆಂಬುದು ಆ ಒಂದು ಸಾಲಿನಿಂದಲೇ ಗೊತ್ತಾಗುತ್ತದೆ.