ಎಸ್ಟೋನಿಯದ ಅತಿ ಎತ್ತರದ ಬೆಟ್ಟ ಒಟೆಪ್ಯಾದಲ್ಲಿದೆಯೇ?

ಪ್ರಶ್ನೆ: ಒಟೆಪ್ಯಾ ಗುಡ್ಡಗಳ ನಡುವಿನ ಊರು. ಎಸ್ಟೋನಿಯದ ಅತಿ ಎತ್ತರದ ಮುನಮ್ಯಾಗಿ ಬೆಟ್ಟ ಇರುವುದೂ ಅಲ್ಲಿಯೇ ಅಲ್ಲವೇ?

ಅಲ್ಲ. ಹಲವು ಬಾರಿ ಉತ್ತರಿಸಿದ ಮೇಲೂ ಈ ಪ್ರಶ್ನೆ ಮರಳಿ ಬರುತ್ತಲೇ ಇರುವುದರಿಂದ, ಈ ಸಲ ಬುಡದಿಂದಲೇ ಹೇಳುತ್ತೇನೆ. ಗೊಂದಲದ ಮೂಲ ಹೆಸರಿನಲ್ಲಿದೆ. ಎಸ್ಟೋನಿಯನ್ ಭಾಷೆಯಲ್ಲಿ 'ಮುನ' ಎಂದರೆ ಮೊಟ್ಟೆ, 'ಮ್ಯಾಗಿ' ಎಂದರೆ ಬೆಟ್ಟ. ಈ ಹೆಸರಿನ ಪ್ರಸಿದ್ಧ ಬೆಟ್ಟಗಳು ಎರಡಿವೆ. ದೇಶಕ್ಕೇ ಎತ್ತರವಾದ, 318 ಮೀಟರಿನ 'ಸೂರ್ ಮುನಮ್ಯಾಗಿ', ಅಂದರೆ ದೊಡ್ಡ ಮೊಟ್ಟೆಬೆಟ್ಟ, ಆಗ್ನೇಯ ಮೂಲೆಯ ವೊರು ಜಿಲ್ಲೆಯಲ್ಲಿ ಹಾನ್ಯಾ ಗ್ರಾಮದ ಬಳಿ ಇದೆ. ಒಟೆಪ್ಯಾದ ಪಕ್ಕದಲ್ಲಿರುವುದು 'ವ್ಯಾಯ್ಕೆ ಮುನಮ್ಯಾಗಿ', ಚಿಕ್ಕ ಮೊಟ್ಟೆಬೆಟ್ಟ. ಅದರ ಎತ್ತರ ಸುಮಾರು 208 ಮೀಟರ್. ತನ್ನ ಸೀಮೆಯಲ್ಲೂ ಅದಕ್ಕೆ ಮೊದಲ ಸ್ಥಾನವಿಲ್ಲ, ಏಕೆಂದರೆ ಒಟೆಪ್ಯಾ ಎತ್ತರನಾಡಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು 217 ಮೀಟರಿನ ಕೂತ್ಸೆಮ್ಯಾಗಿ. ಹೆಸರಿನ ಹಿಂದಿರುವ 'ದೊಡ್ಡ', 'ಚಿಕ್ಕ' ಎಂಬ ಪದಗಳನ್ನು ಬಿಟ್ಟು ಓದಿದವರು ಒಂದರ ಎತ್ತರವನ್ನು ಇನ್ನೊಂದಕ್ಕೆ ಅಂಟಿಸುತ್ತಾರೆ.

ಇಷ್ಟು ತಗ್ಗಿನ ಗುಡ್ಡಗಳಿಗೆ ಅಷ್ಟೊಂದು ಹೆಸರೇಕೆ ಎಂದರೆ, ಎಸ್ಟೋನಿಯದ ನೆಲದ ಸರಾಸರಿ ಎತ್ತರವೇ ಸುಮಾರು 50 ಮೀಟರ್. ಇವು ಭೂಮಿಯ ಒತ್ತಡಕ್ಕೆ ಮಡಿಚಿಕೊಂಡು ಎದ್ದ ಪರ್ವತಗಳಲ್ಲ; ಹಿಮಯುಗದ ಕೊನೆಯಲ್ಲಿ ಕರಗಿದ ಹಿಮರಾಶಿ ತಾನು ಹೊತ್ತು ತಂದ ಮರಳು, ಜಲ್ಲಿ, ಜೇಡಿಮಣ್ಣುಗಳನ್ನು ಗುಪ್ಪೆಗುಪ್ಪೆಯಾಗಿ ಬಿಟ್ಟುಹೋದಾಗ ಉಂಟಾದ ದಿಬ್ಬಗಳು. ಅವುಗಳ ನಡುವಿನ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು. ಪ್ಯೂಹಯಾರ್ವ್, ಅಂದರೆ ಪವಿತ್ರ ಸರೋವರ, ಅವುಗಳಲ್ಲಿ ಹೆಸರಾದದ್ದು. ಚಳಿಗಾಲದಲ್ಲಿ ಸ್ಕೀ ಪಟುಗಳು ಇಲ್ಲಿಗೆ ಬರುವುದೂ ಈ ಏರುತಗ್ಗುಗಳಿಗಾಗಿಯೇ.

ಊರಿನ ಹೆಸರಿನ ಅರ್ಥ 'ಕರಡಿಯ ತಲೆ'. ರಷ್ಯನ್ ವೃತ್ತಾಂತಗಳೂ 1116ರ ದಾಳಿಯನ್ನು ಹೇಳುವಾಗ ಇದನ್ನು ಅದೇ ಅರ್ಥದ ಹೆಸರಿನಿಂದ ಕರೆದಿವೆ.

ಒಟೆಪ್ಯಾದ ನಿಜವಾದ ಹಿರಿಮೆ ಏನೆಂದು ಯಾರೂ ಕೇಳಿಲ್ಲ. ಆದರೂ ಹೇಳದೆ ಇರಲಾರೆ. ಎಸ್ಟೋನಿಯದ ನೀಲಿ, ಕಪ್ಪು, ಬಿಳಿ ಬಣ್ಣದ ಧ್ವಜವನ್ನು 1884ರ ಜೂನ್ 4ರಂದು ಆಶೀರ್ವದಿಸಿದ್ದು ಇಲ್ಲಿನ ಪಾದ್ರಿಯ ನಿವಾಸದಲ್ಲಿ. ಆಗ ಅದು ತಾರ್ತು ನಗರದ ಎಸ್ಟೋನಿಯನ್ ವಿದ್ಯಾರ್ಥಿ ಸಂಘದ ಧ್ವಜವಾಗಿತ್ತು. ದೇಶ ಸ್ವತಂತ್ರವಾದ ಮೇಲೆ, 1922ರ ಕಾನೂನಿನಿಂದ ರಾಷ್ಟ್ರಧ್ವಜವಾಯಿತು. ಅಂದು ಆಶೀರ್ವಾದ ಪಡೆದ ಆ ರೇಷ್ಮೆಯ ಬಟ್ಟೆಯನ್ನು ಸೋವಿಯತ್ ಆಳ್ವಿಕೆಯುದ್ದಕ್ಕೂ ಬಚ್ಚಿಟ್ಟು ಕಾಪಾಡಿದರು, ಅದು ಇಂದಿಗೂ ಉಳಿದಿದೆ.