ಓದುಗರ ಪ್ರಶ್ನೆ: ವಾರ್ಡ್ ಸಮಿತಿ ಅಂದರೆ ಏನು, ನನ್ನಂಥವಳು ಅದರಲ್ಲಿ ಕೂರಬಹುದಾ?

“ಮಗಳು ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ. ಅಲ್ಲಿ ವಾರ್ಡ್ ಸಮಿತಿ ಅಂತ ಇದೆಯಂತೆ. ಬೀದಿದೀಪ, ತೋಡಿನ ಹೂಳು ಅಂತ ಓಣಿಯ ಜನರೇ ಕೂತು ಮಾತಾಡ್ತಾರಂತೆ. ನಾನು ಕಲಬುರಗಿಗೆ ಬಂದು ಮೂವತ್ತು ವರ್ಷ ಆಯ್ತು, ಇಂಥದ್ದರ ಹೆಸರೂ ಕೇಳಿಲ್ಲ. ಇದು ಅಲ್ಲಿಯವರಿಗೆ ಮಾತ್ರನಾ? ನಾನೂ ಸೇರಬಹುದಾ?”

ಇಲ್ಲ ಅಕ್ಕಾ, ಅಲ್ಲಿಯವರಿಗೆ ಮಾತ್ರ ಅಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರಲ್ಲಿ 243ಎಸ್ ಅನ್ನುವ ಒಂದು ವಿಧಿ ಇದೆ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಅದು ಹೇಳುತ್ತದೆ. 2011ರ ಜನಗಣತಿಯಲ್ಲೇ ಕಲಬುರಗಿ 5 ಲಕ್ಷ ದಾಟಿತ್ತು. ಆಗ ಬೀದರ್ 2 ಲಕ್ಷದ ಆಸುಪಾಸಿನಲ್ಲಿತ್ತು, ಯಾದಗಿರಿ 1 ಲಕ್ಷವೂ ಇರಲಿಲ್ಲ. ಹಾಗಾಗಿ ನಮ್ಮ ಮೂರು ಜಿಲ್ಲಾ ಕೇಂದ್ರಗಳ ಪೈಕಿ ಈ ಕಡ್ಡಾಯ ನೇರವಾಗಿ ತಟ್ಟುವುದು ಕಲಬುರಗಿಗೆ.

ಇದು ಯಾಕೆ ಬೇಕು ಅನ್ನುವುದಕ್ಕೆ ನಿಮ್ಮ ಊರನ್ನೇ ನೆನಪು ಮಾಡಿಕೊಳ್ಳಿ. ಕಲಬುರಗಿಯ ಅರ್ಧ ಜನಕ್ಕೆ ಅಫಜಲಪುರದ್ದೋ ಚಿಂಚೋಳಿಯದ್ದೋ ಆಳಂದದ್ದೋ ಒಂದು ಹಳ್ಳಿ ಇದ್ದೇ ಇರುತ್ತದೆ, ಅಲ್ವಾ? ಕರ್ನಾಟಕದ ಹಳ್ಳಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ ಇರುತ್ತಾನೆ. ಅದರ ಮೇಲೆ ಗ್ರಾಮಸಭೆ ಇದೆ. ಅಲ್ಲಿ ಕಟ್ಟೆ ಮೇಲೆ ಕೂತ ಮುದುಕನೂ ಎದ್ದು “ನಮ್ಮ ಓಣಿಗೆ ಸಿಸಿ ರಸ್ತೆ ಯಾವಾಗ?” ಅಂತ ಕೇಳಬಹುದು. ಅದೇ ಮುದುಕ ಮಗನ ಜೊತೆ ಕಲಬುರಗಿಗೆ ಬಂದ ಅಂತಿಟ್ಟುಕೊಳ್ಳಿ. ಪಾಲಿಕೆಯಲ್ಲಿ 55 ವಾರ್ಡ್. ಹಳೆಯ ಜನಗಣತಿ ಹಿಡಿದು ಭಾಗ ಮಾಡಿದರೂ ಒಂದು ವಾರ್ಡಿಗೆ ಹೆಚ್ಚೂಕಡಿಮೆ 10 ಸಾವಿರ ಜನ, ಅಷ್ಟಕ್ಕೂ ಒಬ್ಬರೇ ಕಾರ್ಪೊರೇಟರ್. ಎದ್ದು ನಿಂತು ಕೇಳೋಕೆ ಸಭೆಯೇ ಇಲ್ಲ. ಹಳ್ಳಿಯಲ್ಲಿದ್ದ ಹಕ್ಕು ಪ್ಯಾಟಿಗೆ ಬಂದ ಕೂಡಲೇ ಕಡಿಮೆಯಾಗುತ್ತದೆ. ನನಗೆ ಇದು ಯಾವಾಗಲೂ ವಿಚಿತ್ರ ಅನ್ನಿಸುತ್ತದೆ.

ಈ ಕೊರತೆ ತುಂಬಲು ಬಂದದ್ದೇ ವಾರ್ಡ್ ಸಮಿತಿ. ನಮ್ಮ ರಾಜ್ಯದಲ್ಲಿ ಅದರ ವಿವರ ಇರುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ. ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ 10 ಜನ ಸದಸ್ಯರು. ಆ ಹತ್ತರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ 2 ಜನ, ಬಡಾವಣೆಯ ನಿವಾಸಿಗಳ ಸಂಘಗಳಿಂದ 2 ಜನ ಇರಬೇಕು. ಇವರಿಗೆ ಚುನಾವಣೆ ಇಲ್ಲ, ನಾಮಕರಣ. ಅಂದರೆ ಪಕ್ಷ, ಪ್ರಚಾರ, ಖರ್ಚು ಏನೂ ಇಲ್ಲದೆ ಒಳಗೆ ಹೋಗುವ ದಾರಿ. ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಇಲ್ಲೇ ಇದೆ: ಸೇರಬಹುದು. ಮಹಿಳೆಯರಿಗೆ ಜಾಗ ತೆಗೆದಿಟ್ಟಿದ್ದಾರೆ ಬೇರೆ.

ಕೆಲಸ ಏನು? ಇದನ್ನು ಜನ ದೂರು ಪೆಟ್ಟಿಗೆ ಅಂತ ತಿಳಿಯುತ್ತಾರೆ. ಅದು ತಪ್ಪು. ನಾಲಿ ಕಟ್ಟಿಕೊಂಡರೆ ಆರೋಗ್ಯ ನಿರೀಕ್ಷಕರಿಗೆ ಫೋನ್ ಮಾಡಿದರೆ ಸಾಕು, ಸಮಿತಿ ಬೇಕಿಲ್ಲ. ಈ ವರ್ಷ ವಾರ್ಡಿನ ದುಡ್ಡಿನಲ್ಲಿ ನಾಲಿ ಮೊದಲೋ, ಪಾರ್ಕಿನ ಕಾಂಪೌಂಡ್ ಮೊದಲೋ ಅನ್ನುವುದು ಸಮಿತಿಯ ಪ್ರಶ್ನೆ. ವಾರ್ಡಿನ ಅಭಿವೃದ್ಧಿ ಯೋಜನೆ ಬರೆದು ಪಾಲಿಕೆಗೆ ಕೊಡುವುದು, ಮಂಜೂರಾದ ಕೆಲಸ ಸರಿಯಾಗಿ ಆಯಿತಾ ಅಂತ ನೋಡುವುದು, ಕಸ, ಕೆರೆ, ಬೀದಿದೀಪದ ಮೇಲೆ ಕಣ್ಣಿಡುವುದು, ಇವೆಲ್ಲ ಅದರ ಪಾಲಿಗೆ ಬರುತ್ತವೆ. ನಮ್ಮ ಓಣಿಯಲ್ಲಿ ಒಮ್ಮೆ ಹೊಸ ಡಾಂಬರು ಹಾಕಿದ ಹದಿನೈದು ದಿನಕ್ಕೆ ಪೈಪ್ ಹಾಕೋಕೆ ಅಗೆದರು. ಎರಡೂ ಕೆಲಸದ ಕಾಗದ ಒಂದೇ ಮೇಜಿನ ಮೇಲೆ ಬಂದಿದ್ದರೆ ಯಾರಾದರೂ ಒಬ್ಬರು “ತಡೀರಿ, ಮೊದಲು ಪೈಪು” ಅನ್ನುತ್ತಿದ್ದರು. ಆ ಮೇಜೇ ವಾರ್ಡ್ ಸಮಿತಿ.

ಮಂಗಳೂರಿನಲ್ಲೂ ಇದು ಸುಮ್ನೆ ಬರಲಿಲ್ಲ. ಕಾಯ್ದೆ ಇದ್ದರೂ ಸಮಿತಿ ಆಗದೆ ಕೆಲವು ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಆಮೇಲೆ ಅಲ್ಲಿನ 60 ವಾರ್ಡ್‌ಗಳಿಗೆ ಸಮಿತಿ ರಚನೆಯ ಕೆಲಸ ಶುರುವಾಯಿತು. ಅಲ್ಲಿಯವರಿಗೆ ಮಾತಾಡೋಕೆ ವಿಷಯಕ್ಕೇನೂ ಬರವಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು. ಜೂನ್ ಬರೋದರೊಳಗೆ ತೋಡು, ರಾಜಕಾಲುವೆಗಳ ಹೂಳು ತೆಗೆಯದಿದ್ದರೆ ನೀರು ಮನೆಯೊಳಗೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಪಕ್ಕದ ಮಂದಾರದ ಮನೆ, ಅಡಕೆ ತೋಟಗಳ ಮೇಲೆ ಹರಿಯಿತು. ಒಣಕಸ, ಹಸಿಕಸ ಬೇರೆ ಮಾಡಿ ಅಂತ ಅಲ್ಲಿ ಯಾರಾದರೂ ಹೇಳಿದರೆ ಅದರ ಹಿಂದೆ ಈ ನೆನಪೂ ಇದೆ. ಇನ್ನೊಂದು ತಮಾಷೆ ನೋಡಿ: ಅಷ್ಟು ಮಳೆ ಬಿದ್ದರೂ ನೇತ್ರಾವತಿಯ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದರೆ ಬೇಸಿಗೆಯಲ್ಲಿ ಅಲ್ಲೂ ದಿನ ಬಿಟ್ಟು ದಿನ ನಳ.

ನಮ್ಮಲ್ಲಿ ಮಳೆ ಅದರ ಕಾಲು ಭಾಗಕ್ಕೂ ಕಡಿಮೆ. ನಮ್ಮ ಸಭೆ ಆದರೆ ಮೊದಲ ಮಾತು ಹೂಳಿನದ್ದಾಗಿರಲ್ಲ, ನೀರಿನದ್ದೇ. ಭೀಮಾ ನದಿ, ಬೆಣ್ಣೆತೊರೆಯಿಂದ ಬರುವ ನೀರು ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಯಾರ ಮನೆ ಮುಂದೆ ನಿಲ್ಲುತ್ತದೆ, ಯಾರ ಮನೆ ಮುಂದೆ ನಿಲ್ಲಲ್ಲ. ಜಗಳ ಆಗುತ್ತದೆ, ಆಗಲಿ. ಈಗ ನಳದ ಮುಂದೆ ಆಗುವ ಜಗಳ ಅಲ್ಲಿ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ.

ಒಂದು ತೊಡಕನ್ನೂ ಹೇಳಬೇಕು. ಅಧ್ಯಕ್ಷರು ಕಾರ್ಪೊರೇಟರ್ ಆದ್ದರಿಂದ ಅವರ ಮನಸ್ಸಿಲ್ಲದೆ ಸಭೆ ಓಡುವುದು ಕಷ್ಟ. ಕಾರ್ಪೊರೇಟರೇ ಇಲ್ಲದಿದ್ದರೆ? ಮಂಗಳೂರು ಪಾಲಿಕೆಯ ಚುನಾಯಿತ ಅವಧಿ 2025ರ ಫೆಬ್ರುವರಿಯಲ್ಲಿ ಮುಗಿದು ಆಡಳಿತಾಧಿಕಾರಿ ಬಂದರು. ಅಧ್ಯಕ್ಷರೇ ಹೋದ ಮೇಲೆ ಸಮಿತಿಗೆ ತಲೆಯೇ ಇಲ್ಲದಂತೆ. ನಮ್ಮ ಕಥೆ ಇನ್ನೊಂದು ಥರ. ಕಲಬುರಗಿಯಲ್ಲಿ ಚುನಾವಣೆ 2021ರ ಸೆಪ್ಟೆಂಬರ್‌ನಲ್ಲೇ ಆದರೂ ಮೇಯರ್ ಆಯ್ಕೆ 2023ರ ಮಾರ್ಚ್ ತನಕ ಎಳೆಯಿತು.

ಈಗ ನೀವು ಮಾಡಬಹುದಾದದ್ದು. ಮೊದಲು ಪಾಲಿಕೆ ಆಯುಕ್ತರಿಗೆ ಒಂದು ಅರ್ಜಿ ಬರೆಯಿರಿ: ನಮ್ಮ ವಾರ್ಡ್ ಸಮಿತಿ ಯಾವ ಸ್ಥಿತಿಯಲ್ಲಿದೆ, ನನಗೆ ಸದಸ್ಯಳಾಗುವ ಆಸಕ್ತಿ ಇದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಟಪಾಲು ಶಾಖೆಯಿಂದ ಹೊರಗೆ ಬರಬೇಡಿ. ಉತ್ತರ ಬರಲಿಲ್ಲವಾ, ಮಾಹಿತಿ ಹಕ್ಕಿನಲ್ಲಿ ಅದನ್ನೇ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ನೀರು, ರಸ್ತೆ, ನಾಲಿ ಎಲ್ಲ ಸೇರಿಸಿ ಗೋಳು ಬರೆಯಬೇಡಿ, ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ಓಣಿಯಲ್ಲಿ ನಾಲ್ಕು ಮನೆ ಸೇರಿ ನಿವಾಸಿಗಳ ಸಂಘ ಮಾಡಿ ನೋಂದಾಯಿಸಿದರೆ ಇನ್ನೂ ಒಳ್ಳೆಯದು. ಸಮಿತಿಯಲ್ಲಿ ಸಂಘಗಳಿಗೆ ಇಟ್ಟ ಆ ಎರಡು ಜಾಗಕ್ಕೂ ದಾರಿ ಆಗುತ್ತದೆ.

ಅದಕ್ಕಿಂತ ಮುಂಚೆ ಮತದಾರರ ಪಟ್ಟಿ ನೋಡಿ. ಹೊಸ ಲೇಔಟಿನಲ್ಲಿ ಮನೆ ಕಟ್ಟಿದ ಎಷ್ಟೋ ಜನರ ಮನೆ ಇಲ್ಲಿ, ವೋಟು ಊರಲ್ಲಿ. ಪಟ್ಟಿಯಲ್ಲಿ ಹೆಸರಿಲ್ಲದ ವಾರ್ಡಿನಲ್ಲಿ ಯಾರೂ ನಿಮ್ಮನ್ನು ಲೆಕ್ಕಕ್ಕೆ ಹಿಡಿಯಲ್ಲ. ವಿಳಾಸ ಬದಲಿಸಲು ನಮೂನೆ 8 ತುಂಬಿ ಬಿಎಲ್‌ಒ (ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಕೈಗೆ ಕೊಟ್ಟರೆ ಆಯಿತು, ಆನ್‌ಲೈನಿನಲ್ಲೂ ಆಗುತ್ತದೆ. ಹಾಗೇ ಮಗಳಿಗೂ ಒಂದು ಫೋನ್ ಮಾಡಿ ಕೇಳಿ. ಅವಳ ಹೆಸರು ಇನ್ನೂ ಕಲಬುರಗಿಯ ಪಟ್ಟಿಯಲ್ಲೇ ಇದೆಯೋ ಏನೋ.